ನಲವತ್ತೊಂದನೆಯ ಎಲೆ

ಹದಿನೇಳನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕ,

ಯಂತ್ರಕ್ಕೆ ಮುಲಾಜಿಲ್ಲ ಎಂದೆಯೋ, ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ ಎಂದೆಯೋ, ಸರಿಯಾಗಿ ನೆನಪಿಲ್ಲ. ಅಂತೂ ನೀನಿನ್ನೂ ಆಟ ಗೆಲ್ಲುತ್ತಿದ್ದಾಗ ಅಂಥದ್ದೇನೋ ಹೇಳಿ ಫೋನಿನಲ್ಲಿ ನಕ್ಕೆ. ಆ ನಗು ಕೇಳಿ ಮೂರು ವಾರವಾಗುತ್ತ ಬಂತು. ಮರುದಿನವೇ ಬರೆಯುತ್ತೇನೆ ಎಂದವನು ಇಷ್ಟು ತಡ ಮಾಡಿದೆ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ದಿನವೂ ಕಾಗದ ಎಳೆದುಕೊಂಡು, 'ಪ್ರೀತಿಯ' ಎಂದು ಬರೆದು, ಅಷ್ಟಕ್ಕೇ ಎದ್ದುಬಿಡುತ್ತಿದ್ದೆ.

ಕಾಲಿನ ಬಾವು ಇಳಿಯಿತೇ? ನರ್ಸಮ್ಮ ಇನ್ನೂ ನೀರನ್ನು ಔಷಧಿಯ ಹಾಗೆ ಅಳೆದು ಕೊಡುತ್ತಾರೆಯೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಣ್ಣನ ಕನ್ನಡಕದ ಅಂಗಡಿಗೆ ಹೊಸ ಗಾಜಿನ ಬಾಗಿಲು ಬಂದಿದೆ. ಬಾಗಿಲಿರುವುದೇ ಕಾಣದೆ ಜನ ಹಣೆ ಬಡಿದುಕೊಳ್ಳುತ್ತಾರಂತೆ. "ಬಡ್ಕೊಂಡೋರಿಗೆಲ್ಲ ಕನ್ನಡಕ ಬೇಕೇ ಬೇಕಲ್ವೇನೋ, ವ್ಯಾಪಾರ ಜೋರು" ಅನ್ನುತ್ತಾನೆ. ಅವನು ಬದಲಾಗಿಲ್ಲ.

ಆಟ ಮಾಡಿದ ಕಥೆಯನ್ನು ನಿನಗೆ ಪೂರ್ತಿ ಹೇಳಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ ಎಡಗೈ ಕೊಟ್ಟು ನಾಲ್ಕು ನಾಲ್ಕು ಗಂಟೆ ಕೂರುವ ನೀನು, "ಬಲಗೈ ದಂಡಕ್ಕೆ ಬಿದ್ದಿರತ್ತೆ ಕಣೋ, ಅಪ್ಪನ ಕತ್ತೆಯಾಟಾನ ಫೋನಿಗೆ ಹಾಕ್ಕೊಡು, ಮೂವರೂ ಆಡೋಣ" ಎಂದೆ. ಟಿಕೆಟ್ ಯಂತ್ರಗಳ ಪರದೆ ರೂಪಿಸಿ ಹೊಟ್ಟೆ ಹೊರೆಯುವ ನನಗೆ ಅದು ಹದಿನೈದು ದಿನದ ಕೆಲಸ ಅನ್ನಿಸಿತ್ತು. ಎರಡು ತಿಂಗಳು ಹಿಡಿಯಿತು.

ಅಪ್ಪ ಕಾರ್ಖಾನೆಯ ರಟ್ಟಿನ ಚೂರುಗಳಲ್ಲಿ ಕತ್ತರಿಸಿದ ನಲವತ್ತೊಂದು ಎಲೆಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಸ್ಕ್ಯಾನ್ ಮಾಡಿದೆ. ಎರಡು ಕೊಡೆ, ಎರಡು ಬೀಗ, ಎರಡು ಬಾತುಕೋಳಿ, ಹೀಗೆ ಇಪ್ಪತ್ತು ಜೋಡಿ. ಜೋಡಿಯಿಲ್ಲದ್ದು ಕತ್ತೆ. ಪಕ್ಕದವರ ಕೈಯಿಂದ ಬೆನ್ನು ಮಾತ್ರ ನೋಡಿ ಒಂದೆಲೆ ಎಳೆಯುವುದು, ಜೋಡಿ ಸಿಕ್ಕರೆ ಕೆಳಗಿಡುವುದು, ಕೊನೆಗೆ ಕತ್ತೆಯ ಎಲೆ ಯಾರ ಕೈಯಲ್ಲಿ ಉಳಿಯಿತೋ ಅವರೇ ಕತ್ತೆ. ಎಳೆ ಮಗುವಿಗೂ ತಿಳಿಯುವ ಆಟ. ಯಂತ್ರಕ್ಕೆ ಹೇಳಿಕೊಡಲು ಕೂತಾಗ ಗೊತ್ತಾಯಿತು, ನಾವು ಆಡುತ್ತಿದ್ದುದರಲ್ಲಿ ಅರ್ಧ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿರಲೇ ಇಲ್ಲ. ನೀನೇ ಒಂದನ್ನು ನೆನಪಿಸಿದೆ: "ಒಂದೆಲೆ ಒಂಚೂರು ಮೇಲೆತ್ತಿ ಆಸೆ ತೋರ್ಸೋಕೆ ಬರ್ಬೇಕು ಕಣೋ. ಅದಿಲ್ದಿದ್ರೆ ಏನು ಆಟ, ಮಣ್ಣು!" ಅದನ್ನು ಸೇರಿಸಿದೆ. ಬೆರಳಿಟ್ಟು ಸರಿಸಿದರೆ ಎಲೆ ಮೇಲೇಳುತ್ತದೆ, ಎಳೆಯುವವರ ಪರದೆಯಲ್ಲೂ ಎದ್ದು ಕಾಣುತ್ತದೆ. ಎಲೆಗಳ ಬೆನ್ನಿಗೆ ಮಾತ್ರ ನಲವತ್ತೊಂದು ಚಿತ್ರ ಬೇಕೆನಿಸಲಿಲ್ಲ. ಚೆನ್ನಾಗಿ ಉಳಿದಿದ್ದ ಒಂದೆಲೆಯ ನೀಲಿ ಅಂಚಿನ ಬೆನ್ನನ್ನೇ ಎಲ್ಲಕ್ಕೂ ಅಂಟಿಸಿದೆ.

ಮೊದಲ ವಾರ ನೀನು ಮಾಡಿದ ಗಲಾಟೆ ನೆನಪಿದೆ. ಹನ್ನೊಂದು ಆಟದಲ್ಲಿ ನೀನು ಎರಡೇ ಸಲ ಸೋತೆ. "ಅಣ್ಣ ಕತ್ತೆ! ಅಣ್ಣ ಕತ್ತೆ!" ಎಂದು ನೀನು ಕೂಗುವುದು, ಹಿಂದಿನಿಂದ ನರ್ಸಮ್ಮ "ಬಿಪಿ ಏರ್ತಿದೆ ಅಮ್ಮಾ, ಯಾರನ್ನಾದ್ರೂ ಬಯ್ಯೋದಿದ್ರೆ ಮೆತ್ತಗೆ ಬಯ್ರಿ" ಅನ್ನುವುದು. ಐವತ್ತು ದಾಟಿದ ಹೆಂಗಸು ಅಷ್ಟು ಖುಷಿಪಡುವುದನ್ನು ನಾನು ನೋಡಿರಲಿಲ್ಲ. ನಿನ್ನನ್ನಂತೂ ನೋಡಿರಲಿಲ್ಲ.

ಆ ಖುಷಿಯಲ್ಲೇ ನೀನು ಅಂದೆ: "ಬರೋ ಭಾನುವಾರ ಒಂದೇ ಒಂದಾಟ. ನಿಮ್ಮಿಬ್ಬರಲ್ಲಿ ಸೋತೋರು ನಂಗೊಂದು ಕಿಡ್ನಿ ಕೊಡ್ಬೇಕು. ನಾನೇ ಸೋತ್ರೆ ಬಾಯ್ ಮುಚ್ಕೊಂಡು ಈ ಕುರ್ಚೀಲೇ ಕೂತಿರ್ತೀನಿ, ಮತ್ತೆ ಆ ಮಾತೇ ಎತ್ತಲ್ಲ." ಅಣ್ಣ ನಕ್ಕ. ನಾನೂ ನಕ್ಕೆ. ತಮಾಷೆಯೆಂದು ಯಾರೂ ಅನ್ನಲಿಲ್ಲ.

ಭಾನುವಾರ ನೀನು ಸೋತೆ. ಪರದೆಯ ಮೇಲೆ ಅಪ್ಪ ಬಿಡಿಸಿದ ಕತ್ತೆ ನಿನ್ನ ಕಡೆ ನೋಡುತ್ತ ನಿಂತಿತ್ತು. ನೀನು ನಕ್ಕು, "ಯಂತ್ರಕ್ಕೂ ನನ್ನ ಗುರುತು ಸಿಕ್ಬಿಡ್ತು ನೋಡ್ರೋ" ಎಂದೆ. ಕೊಟ್ಟ ಮಾತಿನಂತೆ ಅಂದಿನಿಂದ ಆ ಮಾತೆತ್ತಿಲ್ಲ. ಫೋನನ್ನೂ ಎತ್ತುತ್ತಿಲ್ಲ.

ಬೇಜಾರು ಮಾಡಿಕೊಳ್ಳಬೇಡ. ಆಟವೆಂದಮೇಲೆ ಸೋಲು ಗೆಲುವು ಇದ್ದದ್ದೇ. ಹನ್ನೊಂದು ವರ್ಷದ ಹಿಂದೆ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟು, ನಮ್ಮ ಮೂವರದ್ದೂ ಹೊಂದುತ್ತದೆ ಎಂದು ಡಾಕ್ಟರು ಹೇಳಿದಾಗಲೂ ಹೀಗೇ ಆಡಿದೆವಲ್ಲ. ಆಸ್ಪತ್ರೆಯ ಮಂಚ, ಊಟದ ತಟ್ಟೆ ಇಡುವ ಗಾಲಿಮೇಜು, ಅದರ ಮೇಲೆ ಎಲೆಗಳು. "ಮೂವರೂ ನಂಗೆ ಒಂದೇ ಕಣ್ರೋ. ಇಂಥೋರು ಕೊಡಿ ಅಂತ ನನ್ನ ಬಾಯಲ್ಲಿ ಬರಲ್ಲ. ಆಟವೇ ಹೇಳ್ಲಿ" ಎಂದು ಎಲೆ ತರಿಸಿದವನೂ ಕಲಸಿದವನೂ ಅಪ್ಪನೇ. ಸೋತದ್ದು ನೀನು. ಮುಖ ಸಣ್ಣದು ಮಾಡಿಕೊಳ್ಳದೆ ಕೊಟ್ಟೆ. ನಿನ್ನಿಂದಾಗಿ ಅಪ್ಪ ಒಂಬತ್ತು ವರ್ಷ ಬಾಳಿದ. ಉಳಿಸಿಕೊಂಡ ಒಂದು ನಿನಗೇ ಕೈಕೊಡುತ್ತದೆಂದು ಯಾರಿಗೆ ಗೊತ್ತಿತ್ತು? ಆಸ್ಪತ್ರೆಯ ಪಟ್ಟಿಯಲ್ಲಿ ನಿನ್ನ ಹೆಸರಿದೆ, ಸರದಿ ಬಂದೇ ಬರುತ್ತದೆ. ನೀರು ಕಮ್ಮಿ ಕುಡಿ.

ಚಿಕ್ಕವನು ನಾನು, ನಿನ್ನನ್ನು ಹರಸುವ ವಯಸ್ಸು ನನ್ನದಲ್ಲ. ನಿನ್ನ ಕೈ ನನ್ನ ತಲೆಯ ಮೇಲಿರಲಿ. ಎಡಗೈ ನೋಯುತ್ತಿದ್ದರೆ ಬಲಗೈ ಆದರೂ ಸಾಕು.

ಇಂತಿ ನಿನ್ನ
ತಮ್ಮ

ಮರೆತ ಮಾತು: ಈ ಪತ್ರದ ಜೊತೆ ಅಪ್ಪನ ಎಲೆಗಳ ಡಬ್ಬಿಯನ್ನೂ ಕಳಿಸುತ್ತಿದ್ದೇನೆ. ಕತ್ತೆಯ ಎಲೆಯನ್ನು ಹುಡುಕಿ, ಮಗುಚಿ, ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡು. ಒಂದು ಮೂಲೆ ಕೂದಲೆಳೆಯಷ್ಟು ಮೊಟಕು. ಸವೆದದ್ದಲ್ಲ, ಕತ್ತರಿಸಿದ್ದು. ರಟ್ಟು ಕತ್ತರಿಸುವುದರಲ್ಲಿ ಅಪ್ಪನ ಕೈ ತಪ್ಪಿದ್ದನ್ನು ಕಾರ್ಖಾನೆಯಲ್ಲಿ ಯಾರೂ ಕಂಡವರಿಲ್ಲ.

ನನಗೆ ಆರು ವರ್ಷವಿದ್ದಾಗ ಅಪ್ಪ ನನ್ನನ್ನೂ ಅಣ್ಣನನ್ನೂ ಕೂರಿಸಿಕೊಂಡು ಆ ಮೂಲೆ ತೋರಿಸಿದ. "ನೀವು ಸೋತ್ರೆ ಮನೆ ಹಾರಿಹೋಗೋ ಹಾಗೆ ಅಳ್ತೀರಿ. ಅವಳು ಸೋತ್ರೂ ನಗ್ತಾಳೆ. ಅವಳಿಗೆ ಹೇಳ್ಬೇಡಿ" ಎಂದ. ಅಂದಿನಿಂದ ಕೂರುವ ಜಾಗ ಬದಲಾಗಲಿಲ್ಲ. ಅಣ್ಣನ ಕೈಯಲ್ಲಿ ಕತ್ತೆಯಿದ್ದರೆ ನಾನು ತಿಳಿದೇ ಎಳೆದುಕೊಳ್ಳುತ್ತಿದ್ದೆ. ಅದನ್ನು ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದೆ, ನೀನು ತಿಳಿಯದೆ ಎಳೆಯುತ್ತಿದ್ದೆ. ಎದ್ದು ನಿಂತ ಎಲೆಯನ್ನು ಕಂಡರೆ ನೀನು ಬಿಟ್ಟವಳೇ ಅಲ್ಲ. ಆಮೇಲೆ ನಿನ್ನ ಕೈಯಿಂದ ಅಣ್ಣ ಅದೊಂದನ್ನು ತಿಳಿದೇ ಬಿಡುತ್ತಿದ್ದ. ಆಸ್ಪತ್ರೆಯ ಗಾಲಿಮೇಜಿನ ಮೇಲೂ ಹೀಗೇ ನಡೆಯಿತು.

ಹೊಸ ಆಟದಲ್ಲಿ ಎಳೆಯುವ ಸರದಿ ಹಳೆಯದೇ, ಆ ಮೂಲೆ ಮಾತ್ರ ಇರಲಿಲ್ಲ. ನೀನು ಗೆದ್ದದ್ದು ಅದಕ್ಕೇ. ಭಾನುವಾರಕ್ಕೆ ಎರಡು ದಿನ ಮುಂಚೆ ಅಣ್ಣ ಫೋನ್ ಮಾಡಿದ.

"ಆ ಮೂಲೆ ಎಲ್ಲೋ?"

"ಯಾವ ಮೂಲೆ?"

"ಪೆದ್ದನ ಥರ ಆಡ್ಬೇಡ. ಅವಳು ತಮಾಷೆ ಮಾಡ್ತಿಲ್ಲ. ಅವಳಿಗೆ ನಿಂದೂ ಹೊಂದತ್ತೆ ಅಂತ ಡಾಕ್ಟರು ಹೇಳಿದ್ದು ನೆನಪಿರ್ಲಿ."

ನೆನಪಿತ್ತು. ಕತ್ತೆಯ ಬೆನ್ನಿನ ನೀಲಿ ಅಂಚನ್ನು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಮೊಟಕು ಮಾಡಿದೆ. ಐದು ನಿಮಿಷದ ಕೆಲಸ. ಅದು ನಿನ್ನ ಪರದೆಯಲ್ಲೂ ಕಾಣುತ್ತಿತ್ತು, ಅಷ್ಟರಮಟ್ಟಿಗೆ ನ್ಯಾಯವಾಗಿಯೇ ಮೋಸ ಮಾಡಿದೆ. ಭಾನುವಾರ ಕತ್ತೆ ಮೊದಲು ಬಂದದ್ದು ನನ್ನ ಕೈಗೆ. ನೀನು ಹೇಳಿ ಮಾಡಿಸಿದ ಹಾಗೆ ಅದನ್ನು ಒಂಚೂರು ಮೇಲೆತ್ತಿದೆ.

ಇದನ್ನು ಬರೆದದ್ದು ಕೊಡುವುದಕ್ಕಲ್ಲ, ಅಕ್ಕ. ನಾನು ಕೊಡುವುದಿಲ್ಲ. ಕೊಡುವವನಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ, ಬರುತ್ತಿದ್ದೆ. ಆದರೆ ಡಬ್ಬಿ ಕಟ್ಟುವಾಗ ಒಂದು ಮಾತು ತಲೆಗೆ ಹೊಕ್ಕು ಹೋಗಲೊಲ್ಲದು. ಕತ್ತೆ ಯಾರ ಕೈಗೆ ಬಂದರೂ ಕೊನೆಗೆ ನಿನ್ನ ಕೈ ಸೇರುತ್ತದೆಂದು ಗೊತ್ತಿದ್ದವರು ಅಂದು ಆಸ್ಪತ್ರೆಯ ಆ ಕೋಣೆಯಲ್ಲಿ ಮೂವರು. ಇಬ್ಬರು ಆಡುತ್ತಿದ್ದೆವು. ಒಬ್ಬ ದಿಂಬಿಗೊರಗಿ, ಎಲೆ ಕಲಸಿಕೊಟ್ಟು, ನೋಡುತ್ತಿದ್ದ.

ಅಪ್ಪಾ, ಬಾಯಿಬಿಟ್ಟು ಕೇಳಿದ್ದರೆ ಅವಳು ಇಲ್ಲ ಅನ್ನುತ್ತಿದ್ದಳೇನಪ್ಪ?