ಎಂಟನೆಯ ಕುರ್ಚಿ

ಶುಕ್ರವಾರ, ಸಂಜೆ

ಪ್ರೀತಿಯ ಅಮ್ಮನಿಗೆ ನಿನ್ನ ಚಿಕ್ಕ ಮಗಳ ನಮಸ್ಕಾರ.

ಫೋನಿನಲ್ಲಿ ಮಾತು ಶುರುವಾದರೆ ಸಾಕು, ಅಪ್ಪ ನಿನ್ನ ಕೈಯಿಂದ ಕಸಿದುಕೊಂಡು ಓದ್ತಾ ಇದ್ದೀಯಾ ಎಂದು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ಅದಕ್ಕೇ ಈ ಕಾಗದ.

ಇನ್ನು ಈ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವುದಿಲ್ಲ ಅಮ್ಮಾ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಕ್ಕ ಕಲಿಸುವ ಶಾಲೆಯಲ್ಲಿ ಗಣಿತಕ್ಕೆ ಒಬ್ಬರು ಬೇಕಂತೆ, ಸೋಮವಾರ ಹತ್ತು ಗಂಟೆಯವರೆಗೆ ನನಗಾಗಿ ಕಾಯುತ್ತಾರಂತೆ. ಈ ಐದು ವರ್ಷದಲ್ಲಿ ನನಗಾಗಿ ಯಾರಾದರೂ ಕಾಯುತ್ತಿರುವುದು ಇದೇ ಮೊದಲು.

ಕೋಣೆ ನೀನು ನೋಡಿ ಹೋದಂತೆಯೇ ಇದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುತ್ತದೆ. ಜೊತೆಗಿದ್ದವರೆಲ್ಲ ಪಾಸಾಗಿ ಕೆಲಸಕ್ಕೆ ಸೇರಿದರು. ಅವರಿಗೆಲ್ಲ ರೀಸನಿಂಗ್, ಅಂದರೆ ತರ್ಕದ ಲೆಕ್ಕ, ಹೇಳಿಕೊಟ್ಟವಳು ನಾನೇ. ಹೊಸ ಹುಡುಗಿಯರು ನನ್ನನ್ನು ಅಜ್ಜಿ ಎನ್ನುತ್ತಾರೆ. ಬೇಜಾರಿಲ್ಲ. ಸ್ವಲ್ಪ ಇದೆ.

ಹೋದ ಸಲ ಪೇಪರು ಕಷ್ಟವಿತ್ತು ಅಂದಿದ್ದೆನಲ್ಲ, ಸುಳ್ಳು. ದುಂಡುಮೇಜಿನ ಸುತ್ತ ಎಂಟು ಜನರನ್ನು ಕೂರಿಸುವ ಲೆಕ್ಕವೊಂದಿತ್ತು: ಡಾಕ್ಟರು ವಕೀಲರ ಎಡಕ್ಕೆ, ದರ್ಜಿಯ ಎದುರಿಗೆ ನರ್ಸು, ಹೀಗೆ. ಎರಡು ನಿಮಿಷದಲ್ಲಿ ಬಗೆಹರಿಯದಿದ್ದರೆ ಬಿಟ್ಟು ಮುಂದೆ ಹೋಗಿ ಎಂದು ನಮ್ಮ ಕೋಚಿಂಗ್ ಸರ್ ಕ್ಲಾಸಿನ ಗೋಡೆಯ ಮೇಲೇ ಬರೆಸಿದ್ದಾರೆ. ನನಗೆ ಬಿಡಲಾಗಲಿಲ್ಲ. ಮುಕ್ಕಾಲು ಗಂಟೆ ಹಟ ಹಿಡಿದು ಎಂಟೂ ಜನರನ್ನು ಕೂರಿಸಿದೆ. ಉತ್ತರ ಸರಿಯಿತ್ತು. ಉಳಿದ ಮೂವತ್ತು ಪ್ರಶ್ನೆಗಳನ್ನು ಓದುವುದಕ್ಕೂ ಆಗಲಿಲ್ಲ. ಇಲ್ಲೇ ಇದ್ದರೆ ಮುಂದಿನ ಸಲವೂ ಅದನ್ನೇ ಮಾಡುತ್ತೇನೆಂದು ಭಯವಾಗುತ್ತದೆ.

ಇವತ್ತು ಸರ್‌ಗೆ ಹೊರಡುತ್ತೇನೆಂದು ಹೇಳಿದೆ. ಬೈಯಲಿಲ್ಲ. ಹೋಗೋಕೆ ಮುಂಚೆ ಇದೊಂದು ನೋಡಮ್ಮ, ಇನ್ನೂ ಯಾರ ಕೈಲೂ ಆಗಿಲ್ಲ ಅಂತ ಒಂದು ಚೀಟಿ ಕೊಟ್ಟರು. ಎಂಟು ಜನ, ಎಂಟು ಕುರ್ಚಿ. ಬಸ್ಸಿಗೆ ಇನ್ನೂ ಒಂದೂವರೆ ದಿನವಿದೆ, ಸುಮ್ಮನೆ ನೋಡುತ್ತೇನೆ.

ಬ್ಯಾಗು ತುಂಬಿಟ್ಟಿದ್ದೇನೆ. ಈ ಕಾಗದವನ್ನು ನಾಳೆ ಊರಿಗೆ ಬರುವ ಬಸ್ಸಿನವರ ಕೈಲಿ ಕಳಿಸುತ್ತೇನೆ, ಅಪ್ಪನಿಗೆ ನೀನೇ ಮೆಲ್ಲಗೆ ಹೇಳು.

ನಿನ್ನ
ಪುಟ್ಟಿ

ಮತ್ತೆ: ಇವತ್ತು ಬುಧವಾರ. ಕಾಗದ ಇನ್ನೂ ನನ್ನ ಹತ್ತಿರವೇ ಇತ್ತು. ಏಳು ಜನ ಕೂತರು ಅಮ್ಮಾ. ಎಂಟನೆಯವಳು ಟೀಚರು, ಉಳಿದ ಒಂದೇ ಕುರ್ಚಿಯಲ್ಲಿ ಅವಳು ಕೂರುವಂತಿಲ್ಲ ಎನ್ನುತ್ತಿತ್ತು ಚೀಟಿಯ ಕೊನೆಯ ಸಾಲು. ನನ್ನದೇ ತಪ್ಪಿರಬೇಕೆಂದು ಮೊದಲಿಂದ ಮಾಡುತ್ತಾ ಹೋದೆ. ಭಾನುವಾರದ ಬಸ್ಸು ಹೋಯಿತು, ಸೋಮವಾರ ಹತ್ತು ಗಂಟೆಯೂ ಆಯಿತು. ಬೇರೆಯವರನ್ನು ತೆಗೆದುಕೊಂಡರೆಂದು ಅಕ್ಕ ನಿನಗೆ ಹೇಳಿರಬೇಕು, ನಾನು ಅವಳ ಫೋನು ಎತ್ತಲಿಲ್ಲ. ಇವತ್ತು ಸರ್‌ಗೆ ತೋರಿಸಿದರೆ, ಅಯ್ಯೋ, ಕೊನೇ ಸಾಲು ನಾನೇ ತಪ್ಪು ಬರೆದುಬಿಟ್ಟಿದ್ದೆ ಕಣಮ್ಮ ಅಂದರು. ತಿದ್ದಿ ಬೇರೆ ಚೀಟಿ ಕೊಟ್ಟಿದ್ದಾರೆ. ಬ್ಯಾಗು ಬಿಚ್ಚಿಲ್ಲ. ಇದೊಂದು ಮುಗಿಸಿ ಬಂದುಬಿಡುತ್ತೇನೆ.