ಹಗೇವಿನಲ್ಲಿ ಅಡಗಿಸಿದ ಕೂಸು

ಇಳಕಲ್ಲ
೯ ಮಾರ್ಚ್ ೧೯೦೪

ನನ್ನವರಿಗೆ ನಿಮ್ಮ ಗುರುಲಿಂಗವ್ವ ಮಾಡುವ ಶರಣುಗಳು.

ಪುಣೆಯ ಥಂಡಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ರಾತ್ರಿ ಬಿಸಿ ಹಾಲು ಕುಡಿಯುವುದನ್ನು ಬಿಡಬೇಡಿ. ಇಲ್ಲಿ ಅತ್ತೆ, ಮಾವ ಆರಾಮ ಇದ್ದಾರೆ. ಮೊನ್ನೆ ನಡೆದದ್ದನ್ನು ನಿಮಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ, ಕಲಿಸಿದವರು ನೀವೇ.

ನಿಮ್ಮ ಕಾಲೇಜಿನ ಪುಸ್ತಕಾಲಯದಲ್ಲಿ ಲಂಡನ್ನಿನ ಬಡವರು ಹೇಗೆ ಬದುಕುತ್ತಾರೆಂಬ ಪುಸ್ತಕಗಳು ಕಪಾಟು ತುಂಬ ಇವೆ, ನಮ್ಮ ಇಳಕಲ್ಲಿನ ನೇಕಾರರ ಬಗ್ಗೆ ಒಂದು ಹಾಳೆಯೂ ಇಲ್ಲ ಎಂದು ಬರೆದಿದ್ದಿರಿ. ಒಳಮನೆಯ ಹೆಂಗಸರನ್ನು ನೀನೇ ಕೇಳಿ ಬರೆದು ಕಳಿಸು, ಸಮಾಜದ ಶಾಸ್ತ್ರ ಓದಿಸುವ ಮಾಸ್ತರರು ಅದನ್ನು ಅಲ್ಲಿ ಇಡಿಸುತ್ತಾರೆ ಎಂದಿದ್ದಿರಿ. ನಾನು ಹಿಗ್ಗಿದ್ದೆ. ಮೊನ್ನೆ ಕಾಗದ, ದೌತಿ ಹಿಡಿದು, ನೆರೆಮನೆಯ ಜೋಹರಾಳನ್ನು ಕರೆದುಕೊಂಡು ನೇಕಾರ ಅಮಾತೆಪ್ಪನ ಮನೆಗೆ ಹೋದೆ. ಅವನ ಹೆಂಡತಿ ರಂಗವ್ವ ಚಾಪೆ ಹಾಸಿದಳು. ಮನೆಯಲ್ಲಿ ಎಷ್ಟು ಮಂದಿ, ಈ ವರ್ಷ ಯಾರಿಗೆ ಜಡ್ಡು ಬಂದಿತ್ತು ಎಂದು ನೀವು ಹೇಳಿದ ಹಾಗೆಯೇ ಕೇಳಿದೆ. “ನಾವಿಬ್ಬರ ಇರೋದ್ರಿ, ಯಾರಿಗೂ ಏನೂ ಆಗಿಲ್ಲ” ಎಂದಳು. ಮಗಳು ಸಕ್ರವ್ವ ಎಲ್ಲಿ ಎಂದರೆ, “ಅವರಜ್ಜನ ಮನಿಗೆ ಹೋಗ್ಯಾಳ್ರಿ” ಎಂದಳು. ಮಗ್ಗದ ಕುಣಿಯಲ್ಲಿ ಕೂತಿದ್ದ ಅಮಾತೆಪ್ಪನ ಲಾಳಿ ನಿಂತಿತ್ತು. ನಾನು ತಿಳಿಯದೆ, ಅದನ್ನೂ ಬರೆದುಕೊಳ್ಳೋಣವೆಂದು ರಂಗವ್ವನಿಂದ ಮದುವೆಯ ಹಾಡು ಹಾಡಿಸುತ್ತ ಕೂತೆ. ಅರ್ಧ ಹಾಡಿಗೇ ರಂಗವ್ವ ಎದೆ ಬಡಿದುಕೊಂಡು, “ಎದ್ದು ಹೋಗ್ರೀ ಅಕ್ಕಾರ, ನನ್ನ ಕೂಸು ಸಾಯತೈತಿ!” ಎಂದು ಹಿತ್ತಲಿಗೆ ಓಡಿದಳು.

ಅಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು. ಬಾಯಿಯ ಕಲ್ಲು ಸರಿಸಿದಾಗ ಬಿಸಿಯಾದ ಮುಗ್ಗಲು ಗಾಳಿ ಮುಖಕ್ಕೆ ಬಡಿಯಿತು. ತಳದಲ್ಲಿ ಸಕ್ರವ್ವ ಮುದುಡಿ ಬಿದ್ದಿದ್ದಳು. ಕೂಗಿದರೆ ಓಗೊಡಲಿಲ್ಲ. ಧುಮುಕಲು ಹೊರಟ ಅಮಾತೆಪ್ಪನ ಧೋತರ ಹಿಡಿದೆಳೆದು ಜೋಹರಾ, “ಕೆಟ್ಟ ಗಾಳಿ ಐತೋ ಅಣ್ಣಾ, ನೀನೂ ಅಲ್ಲೇ ಬೀಳ್ತಿ!” ಎಂದು ಚೀರಿ ಅವನ ನಡುವಿಗೆ ಹಗ್ಗ ಕಟ್ಟಿದಳು. ಕಂಬಳಿಯಿಂದ ಒಳಕ್ಕೆ ಗಾಳಿ ಬೀಸಿ, ಉಸಿರು ಹಿಡಿದವನನ್ನು ಇಳಿಸಿದೆವು. ಮೇಲೆ ತಂದಾಗ ಕೂಸಿನ ತುಟಿಗಳು ನೀಲಿಯಾಗಿದ್ದವು. ಸತ್ತಿತೆಂದೇ ನಾನು ತಿಳಿದೆ. ಜೋಹರಾ ಮಾತ್ರ ಅದರ ಬೆನ್ನು ತಿಕ್ಕುತ್ತಲೇ ಇದ್ದಳು. ಕಡೆಗೆ ಅದು ಕೆಮ್ಮಿತು, ಅತ್ತಿತು.

ಅದಕ್ಕೆ ಬಂದಿದ್ದದ್ದು ಬರೀ ಚಳಿಜ್ವರ. ನಾನು ಕಾಗದ ಹಿಡಿದು ಬರುವುದನ್ನು ಕಂಡು, ಪ್ಲೇಗಿನ ಸಾಹೇಬರು ನನ್ನನ್ನು ಕಳಿಸಿದ್ದಾರೆಂದು ಬೆದರಿ ಬಚ್ಚಿಟ್ಟಿದ್ದರಂತೆ. ದಿನಾ ಬಾವಿಕಟ್ಟೆಯಲ್ಲಿ ಕಾಣುವ ನನಗೆ ಹೆದರಿ! ರಂಗವ್ವ ಅಂದಳು: “ಹಿಂದ ಪ್ಲೇಗಿನ್ಯಾಗೂ ಹಿಂಗ ಬಂದು ಬರಕೊಂಡು ಹೋದ್ರು. ಮರುದಿನ ಗಾಡಿ ಬಂದು ನಮ್ಮತ್ತೀನ ಊರ ಹೊರಗಿನ ರೋಗಿಗಳ ಛಾವಣಿಗೆ ಒಯ್ತು. ಹೆಣಾನೂ ಕೊಡಲಿಲ್ಲ.” ನಾನು ಕಾಗದ, ದೌತಿ ಎತ್ತಿಕೊಂಡು ಮನೆಗೆ ಬಂದೆ.

ಹಿರಿಯರಿಬ್ಬರೂ ಆಶೀರ್ವಾದ ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಗುರುಲಿಂಗವ್ವ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಈಗಷ್ಟೇ ರಂಗವ್ವ ತಾನಾಗಿ ಬಂದು, “ನಮ್ಮತ್ತೀದು ಬರೀರಿ, ಮಂದಿಗೆ ತಿಳೀಲಿ. ಕೂಸಿನ ಹೆಸರು ಮಾತ್ರ ಹಾಕಬ್ಯಾಡ್ರಿ” ಎಂದಳು. ಮಾತು ಕೊಟ್ಟಿದ್ದೇನೆ. ಪುಸ್ತಕಾಲಯದಲ್ಲಿ ಇಡುವ ಮೊದಲು ನೀವು ಇದನ್ನು ತಿದ್ದಿ ಬರೆದದ್ದನ್ನು ಇಲ್ಲಿಗೆ ಕಳಿಸಿ, ಅವಳಿಗೆ ಓದಿ ಹೇಳುತ್ತೇನೆ. ಅವಳು ಬೇಡವೆಂದ ಸಾಲನ್ನು ನಾನೇ ಹೊಡೆದುಹಾಕುತ್ತೇನೆ. ಇದಕ್ಕೆ ಒಪ್ಪದಿದ್ದರೆ ಮುಂದೆ ನನ್ನಿಂದ ಒಂದಕ್ಷರವನ್ನೂ ಕೇಳಬೇಡಿ.