ದೊರೆಗೆ ಕೇಳಿಸಿದ ಮಾತು

ಅಪ್ಪಾಜಿ,

‘ಹೋಗು ಅಂತ ಯಾರಿಗೂ ಅನ್ನಬಾರದು ಕಣೋ, ಅಂದ್ರೆ...’ ಅಂದರೆ ಏನಾಗುತ್ತದೆ ಎಂದು ಹೇಳಿದ್ದಿರಿ? ಆ ಮಾತಿನ ಉಳಿದರ್ಧ ನನಗೆ ನೆನಪಾಗುತ್ತಿಲ್ಲ. ನೀವು ವರಾಂಡದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಿರಿ. ನಾನು ಗೇಟಿನವರೆಗೆ ಹೋಗಿ ಯಾರೋ ಗೆಳೆಯನಿಗೆ ‘ಸರಿ, ಹೋಗು’ ಎಂದು ಹೇಳಿ ಒಳಗೆ ಬಂದಿದ್ದೆ. ‘ಹೋಗಿ ಬಾ ಅನ್ನು. ನಾಲಿಗೆ ಏನು ಸವೆದುಹೋಗುತ್ತಾ?’ ಎಂದಿರಿ. ಹೋಗುವವನು ಹೋಗುತ್ತಾನೆ, ಬರುವವನು ಬರುತ್ತಾನೆ, ನನ್ನ ಒಂದಕ್ಷರಕ್ಕೆ ಯಾರ ಕಾಲೂ ತಿರುಗುವುದಿಲ್ಲ ಎಂದು ನಾನು ವಾದ ಹೂಡಿದೆ. ಆಗ ನೀವು ಹೇಳಿದ್ದು ಆ ಮಾತು. ನಾನು ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋಗಿದ್ದೆ.

ನೀವು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅವ್ವ ಮೊದಲೇ ಆಟೋ ಹತ್ತಿ ಕೂತಿದ್ದಳು. ನೀವು ಕಂಬಿ ಹಿಡಿದು, ಒಂದು ಕಾಲು ಒಳಗಿಟ್ಟು, ನನ್ನ ಕಡೆ ನೋಡಿದಿರಿ. ‘ನೀವು ಹೋಗಿ, ನಾನು ಫ್ಲಾಸ್ಕ್ ತಗೊಂಡು ಹಿಂದೇನೇ ಬರ್ತೀನಿ’ ಎಂದೆ. ನೀವು ಇನ್ನೂ ಒಂದು ಗಳಿಗೆ ಹಾಗೇ ನಿಂತಿದ್ದಿರಿ. ಏನೋ ಮರೆತಿರಬೇಕೆಂದು ನಾನು ‘ಕನ್ನಡಕವಾ?’ ಎಂದು ಕೇಳಿದೆ. ನೀವು ತಲೆಯಾಡಿಸಿ ಕೂತಿರಿ. ನಾಲ್ಕನೆಯ ದಿನ ನಿಮ್ಮನ್ನು ಮನೆಗೆ ತಂದೆವು, ಆದರೆ ಅದು ಬರುವುದಲ್ಲವಲ್ಲ. ನನ್ನ ಮಾತಿಗೂ ನಿಮ್ಮ ಶ್ವಾಸಕೋಶಕ್ಕೂ ಸಂಬಂಧವಿಲ್ಲ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಆದರೂ ಅಂದಿನಿಂದ ಯಾರಿಗೂ ಬರೀ ‘ಹೋಗು’ ಎನ್ನಲು ನನ್ನಿಂದ ಆಗಲಿಲ್ಲ.

ಹಾಲಿನವನು ನಕ್ಕದ್ದು ಜ್ಞಾಪಕವಿದೆ. ಅಳೆದು ಹಾಕಿ ಸೈಕಲ್ ಹತ್ತುವಾಗ ದಿನವೂ ಅವನಿಗೆ ‘ಹೋಗಿ ಬಾರಪ್ಪ’ ಎನ್ನುತ್ತಿದ್ದೆ. ಒಂದು ದಿನ ಅವನು ಕಾಲೂರಿ ನಿಂತು, ‘ಯಾಕ್ ಸಾರ್, ನಾಳೆ ನಾನು ಬರಲ್ಲ ಅಂತ ಯಾರಾದ್ರೂ ಹೇಳಿದ್ರಾ? ಹಾಲಿಗೆ ನೀರು ಹಾಕಲ್ಲ ಸಾರ್, ಬಿಡಿಸಬೇಡಿ’ ಎಂದ. ಕಾಲೇಜಿನಲ್ಲಿ ಪಾಠ ಮುಗಿದ ಮೇಲೆ ಹುಡುಗರಿಗೂ ‘ಹೋಗಿ ಬನ್ನಿ’ ಎಂದೆ. ಹಿಂದಿನ ಬೆಂಚಿನಿಂದ ಯಾವನೋ ‘ಬರಲೇಬೇಕಾ ಸಾರ್?’ ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಅದು ಅಭ್ಯಾಸವಾಗಿ ಹೋಯಿತು.

ನಾವು ವಿಜಯನಗರದಲ್ಲಿ ಮನೆ ಕಟ್ಟಿಸುವಾಗ ಮರಳಿನ ಗುಡ್ಡೆಯ ಮೇಲೆ ಒಂದು ಕೆಂಚು ನಾಯಿಮರಿ ಕಾಲು ಚಾಚಿ ಮಲಗಿತ್ತು. ‘ನಮಗಿಂತ ಮುಂಚೆ ಗೃಹಪ್ರವೇಶ ಮಾಡಿಬಿಟ್ಟಿದ್ದಾನೆ ನೋಡು ದೊರೆ’ ಎಂದಿರಿ. ಅದೇ ಹೆಸರಾಯಿತು. ಮಾಗಡಿ ರಸ್ತೆ ದಾಟುವುದನ್ನು ನೀವು ಅವನಿಗೆ ಕಲಿಸಿದ ರೀತಿ ನನಗೆ ಆಗ ತಮಾಷೆಯಾಗಿತ್ತು. ಅವನನ್ನು ಮೂಲೆಯ ಅಂಗಡಿಯ ಮುಂದೆ ಕೂರಿಸಿ ಮೊದಲು ನೀವು ದಾಟುತ್ತಿದ್ದಿರಿ. ಆಚೆ ನಿಂತು ಎರಡೂ ಕಡೆ ನೋಡಿ, ರಸ್ತೆ ಖಾಲಿಯಾದ ಮೇಲೆ ‘ಬಾ’ ಎನ್ನುತ್ತಿದ್ದಿರಿ. ಒಂದೇ ಸಲ, ಎಳೆದು. ಅದು ಕೇಳುವವರೆಗೆ ಎದುರಿಗೆ ಹೆಣ್ಣುನಾಯಿ ಹೋದರೂ ಅವನು ಕದಲುತ್ತಿರಲಿಲ್ಲ. ಕೇಳಿದ ಮೇಲೆ ಅತ್ತಿತ್ತ ನೋಡುತ್ತಲೂ ಇರಲಿಲ್ಲ. ನೋಡುವ ಕೆಲಸ ನಿಮ್ಮದು ಎಂದು ಬಿಟ್ಟುಕೊಟ್ಟಿದ್ದ. ನೀವು ಹೋದ ಮೇಲೆ ಎಂಟು ತಿಂಗಳು ನಾನು ಹಾಕಿದ್ದನ್ನು ತಿಂದ, ನಾನು ಕರೆದಾಗ ಒಂದು ಸಲವೂ ಬರಲಿಲ್ಲ. ಒಂದು ಕಿವಿ ನನ್ನ ಕಡೆ ತಿರುಗಿಸುತ್ತಿದ್ದ, ಅಷ್ಟೇ. ನಾನು ಕರೆಯುವುದನ್ನು ಬಿಟ್ಟುಬಿಟ್ಟೆ.

ಗಿರಿಜೆ ಅವ್ವನನ್ನು ನೋಡಲು ದಾವಣಗೆರೆಯಿಂದ ಬಂದು ಒಂದು ವಾರವಿದ್ದು ಹೊರಟಳು. ಮೆಜೆಸ್ಟಿಕ್‌ಗೆ ಹೋಗುವ ಬಸ್ಸು ಹತ್ತಿಸಲು ನಾನೇ ಪೆಟ್ಟಿಗೆ ಹಿಡಿದು ರಸ್ತೆ ದಾಟಿದೆ. ದೊರೆ ಹಿಂದೆಯೇ ಬಂದು ಅಂಗಡಿಯ ಮುಂದೆ ತನ್ನ ಜಾಗದಲ್ಲಿ ಕೂತ. ‘ಅಣ್ಣಾ, ಅವ್ವನ ಮೇಲೆ ರೇಗಬೇಡ. ನೀನು ರೇಗಿದ್ದನ್ನ ಅವಳು ನಂಗೆ ಕಾಗದದಲ್ಲಿ ಬರೆಸ್ತಾಳೆ, ಗೊತ್ತಾ?’ ಎಂದಳು ನಿಮ್ಮ ಮಗಳು. ‘ಬರೆಯೋನು ನಾನೇ ತಾನೆ?’ ಎಂದೆ. ನಗುತ್ತಾ ಹತ್ತಿದಳು. ಬಸ್ಸು ಕದಲಿದ ಮೇಲೆ ನಾನು ಅನ್ನಬೇಕಾದ್ದನ್ನು ಅಂದಿಲ್ಲವೆಂದು ತಟ್ಟಿತು. ಎರಡು ಹೆಜ್ಜೆ ಬಸ್ಸಿನ ಜೊತೆಗೇ ಓಡಿ, ಎಂಜಿನ್ನಿನ ಸದ್ದಿಗಿಂತ ಮೇಲೆ ‘ಹೋಗಿ ಬಾ!’ ಎಂದು ಕೂಗಿದೆ. ಅವಳು ಕೈಯಾಡಿಸಿದಳು. ಬಸ್ಸಿನ ಹಿಂದೆ ಜಲ್ಲಿ ತುಂಬಿದ ಲಾರಿ ಬರುತ್ತಿತ್ತು. ಗಿರಿಜೆಗೆ ಏನೂ ಕಾಣಲಿಲ್ಲ. ಇಂದಿಗೂ ಅವಳಿಗೆ ಗೊತ್ತಿಲ್ಲ.

ಅಂಗಡಿಯವನು ಗೋಣಿಚೀಲ ತಂದುಕೊಟ್ಟ. ಕರೆಯದೆ ಯಾವತ್ತೂ ದಾಟದ ನಾಯಿ ಇವತ್ತು ಯಾಕೆ ದಾಟಿತು ಎಂದು ನಾನು ಅವನನ್ನೇ ಕೇಳಿದೆ ನೋಡಿ. ‘ನೀವೇ ಕರೆದ್ರಲ್ಲ ಸಾರ್’ ಎಂದ. ‘ನಾನು ಕರೆಯಲಿಲ್ಲ.’ ‘ಬಾ ಅಂದ್ರಲ್ಲ ಸಾರ್. ಇಲ್ಲಿಗೇ ಕೇಳಿಸ್ತು. ಮೊದಲು ಏನೋ ಅಂದ್ರಿ, ಬಸ್ಸಿನ ಸದ್ದಲ್ಲಿ ತಿಳೀಲಿಲ್ಲ. ಬಾ ಅಂದಿದ್ದು ಚೆನ್ನಾಗಿ ಕೇಳಿಸ್ತು.’ ಅವನ ಮುಖದಲ್ಲಿ ದೂರು ಇರಲಿಲ್ಲ. ಎದುರಿಗೆ ನಡೆದದ್ದನ್ನು ಹೇಳಿದ, ಅಷ್ಟೇ. ಮೊದಲಿನ ಅರ್ಧವನ್ನು ಬಸ್ಸು ನುಂಗಿತು, ಉಳಿದರ್ಧ ರಸ್ತೆ ದಾಟಿತು. ನಾನು ಕೂಗಿದ್ದು ಬರೀ ‘ಹೋಗು’ ಎಂದಾಗಿದ್ದರೆ? ನಾನು ಮೊದಲಿನಂತೆ ಇಂಥದ್ದೇನನ್ನೂ ನಂಬದವನಾಗಿ ಉಳಿದಿದ್ದರೆ? ಆರ್‌ಪಿಸಿ ಲೇಔಟಿನ ಆಚೆ ಇನ್ನೂ ಮನೆಗಳೇಳದ ಕಡೆ, ಒಂದು ಹೊಂಗೆಯ ಕೆಳಗೆ ಅವನನ್ನು ಹೂತೆ. ನೆಲ ಗಟ್ಟಿಯಿತ್ತು.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿನಿಂದಲೇ ‘ದೊರೆ ಎಲ್ಲೋ?’ ಎಂದಳು. ‘ನಾಯಿಗಳ ಹಿಂಡಿನ ಜೊತೆ ಹೆಗ್ಗನಹಳ್ಳಿ ಕಡೆ ಓಡಿದ. ಬರ್ತಾನೆ ಬಿಡು’ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಸುಳ್ಳಿಗೆ ಒಂದು ಊರಿನ ಹೆಸರು ಸಿಕ್ಕಿದ ಮೇಲೆ ಅದು ನಿಜದಷ್ಟೇ ಗಟ್ಟಿಯಾಗುತ್ತದೆ. ಅವ್ವ ದಿನಾ ಸಂಜೆ ಗೇಟಿನಲ್ಲಿ ನಿಲ್ಲತೊಡಗಿದಳು. ‘ಹೋಗಿ ಹುಡುಕಿಕೊಂಡು ಬಾರೋ’ ಎಂದು ನನ್ನನ್ನು ಕಳಿಸುವಳು. ನಾನು ಸೈಕಲ್ ಹತ್ತಿ ಹೆಗ್ಗನಹಳ್ಳಿಗೆ ಹೋಗಿ, ಒಂದು ಟೀ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂತು, ಬಂದು ‘ಸಿಗಲಿಲ್ಲ’ ಎನ್ನುವೆ. ಸಿಗಲಿಲ್ಲ ಎನ್ನುವುದೊಂದೇ ಅದರಲ್ಲಿ ನಿಜ. ಹೀಗೆ ಹದಿನೈದು ದಿನ. ನಿಮ್ಮ ಮಗ ಇಷ್ಟು ನೀಟಾಗಿ ನಟಿಸಬಲ್ಲ ಎಂದು ನೀವು ಎಣಿಸಿದ್ದಿರಾ?

ಹದಿನಾರನೆಯ ದಿನ ಅವ್ವ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ‘ನೀನು ಕೂಗಿದ್ರೆ ಅವನು ಬರಲ್ಲ. ನಾನೂ ಬರ್ತೀನಿ, ನಡಿ’ ಎಂದಳು. ಮಂಡಿನೋವಿನ ಹೆಂಗಸು. ಆಟೋದಿಂದ ಇಳಿದು ಆ ಕಲ್ಲುಮಣ್ಣಿನ ಓಣಿಗಳಲ್ಲಿ ಗೋಡೆ ಹಿಡಿದು ನಡೆಯುತ್ತಾ ‘ದೊರೇ... ದೊರೇ...’ ಎಂದು ಕೂಗಿದಳು. ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುದುಕ, ‘ಯಾವ್ ದೊರೆನಮ್ಮ ಹುಡುಕ್ತಾ ಇದೀಯ? ದೊರೆಗಳೆಲ್ಲ ಹಡಗು ಹತ್ತಿ ಹೋಗಿ ಕಾಲ ಆಯ್ತಲ್ಲ!’ ಎಂದ. ಅವ್ವ ಸಿಟ್ಟಾಗಲಿಲ್ಲ. ‘ಇವನು ಆ ಜಾತಿಯವನಲ್ಲಪ್ಪ, ಕೆಂಚಗಿದ್ದಾನೆ, ಬಾಲದ ತುದಿ ಬಿಳಿ’ ಎಂದು ವಿವರಿಸಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ‘ಕೆಂಚುನಾಯಿನಾ? ನೆನ್ನೆ ಇಲ್ಲೇ ಓಡಾಡ್ತಾ ಇತ್ತಲ್ಲ ಅಜ್ಜಿ’ ಎಂದಳು. ಅವ್ವ ನನ್ನ ಕಡೆ ತಿರುಗಿದಳು. ನೀವು ಹೋದ ಮೇಲೆ ಆ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ಇನ್ನು ಮುಂದಕ್ಕೆ ನಡೆಯಲು ನನ್ನಿಂದ...

ಮೋರಿಯ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಹೇಳಿದೆ. ಬಸ್ಸು, ನನ್ನ ಕೂಗು, ಲಾರಿ, ಗೋಣಿಚೀಲ, ಹೊಂಗೆ. ಅವ್ವ ಅಳಲಿಲ್ಲ. ‘ಹದಿನೈದು ದಿನ ನನ್ನ ಗೇಟಲ್ಲಿ ನಿಲ್ಲಿಸಿದ್ಯಲ್ಲೋ’ ಎಂದಳು. ಆಮೇಲೆ ಕೇಳಿದಳು, ‘ಜೋರಾಗಿ ಕೂಗಿದ್ಯಾ?’

‘ಬಸ್ಸು ಹೊರಟಿತ್ತು. ಜೋರಾಗೇ ಕೂಗಬೇಕಾಯ್ತು.’

‘ಜೋರಾಗಿ ಅಂದ್ರೆ ನಿಂದು ನಿಮ್ಮಪ್ಪನ ಗಂಟಲೇ ಕಣೋ. ಒಳಗಿದ್ದರೆ ನಂಗೇ ಗೊತ್ತಾಗಲ್ಲ. ಮೊನ್ನೆ ನೀನು ಹಾಲಿನವನ್ನ ಕೂಗಿದಾಗ ಪೂಜೆ ಬಿಟ್ಟು ಎದ್ದೇಬಿಟ್ಟಿದ್ದೆ. ಆಮೇಲೆ ಸುಮ್ಮನೆ ಕೂತ್ಕೊಂಡೆ.’

ಅಷ್ಟು ಹೇಳಿ ಅವಳು ಎದ್ದಳು. ಮರುದಿನ ನಾನು ಕಾಲೇಜಿಗೆ ಹೊರಟಾಗ ಬಾಗಿಲವರೆಗೆ ಬಂದು, ಏನೂ ಅನ್ನದೆ ಬರೀ ಕೈ ಎತ್ತಿದಳು. ಈಗ ದಿನವೂ ಹಾಗೆಯೇ.

ಆ ಮೋರಿಯ ಮೇಲೆ ಅವ್ವನಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅಂಗಡಿಯವನೂ ಅದನ್ನು ಗಮನಿಸಲಿಲ್ಲ. ನಿಮಗೆ ಹೇಳಲೆಂದೇ ಇದನ್ನು ಬರೆಯಲು ಕೂತೆ, ಆದರೂ ಇಷ್ಟು ಹೊತ್ತು ಬೇರೆ ಏನೇನೋ ಬರೆದೆ. ನಾನು ಕೂಗಿದಾಗ ನನಗೂ ದೊರೆಗೂ ನಡುವೆ ಬಸ್ಸಿತ್ತು. ಅವನಿಗೆ ಕೇಳಿಸಿದ್ದು ದನಿ ಮಾತ್ರ. ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ಎಂಟು ತಿಂಗಳಿಂದ ನಾನು ಕಾಣದಿದ್ದ ರಭಸದಲ್ಲಿ ನುಗ್ಗಿ ಬಂದ. ಬಸ್ಸು ಸರಿಯಿತು. ರಸ್ತೆಯ ನಡುವೆ ಅವನಿಗೆ ನಾನು ಪೂರ್ತಿಯಾಗಿ ಕಂಡೆ. ಅಲ್ಲಿ ನಿಂತುಬಿಟ್ಟ. ಲಾರಿಗೆ ಇನ್ನೂ ಒಂದಿಷ್ಟು ದೂರವಿತ್ತು. ಓಡಿ ಬಂದಿದ್ದರೆ ದಾಟುತ್ತಿದ್ದ, ಹಿಂದಕ್ಕೆ ಹೋಗಿದ್ದರೂ ಉಳಿಯುತ್ತಿದ್ದ. ಅವನು ಎರಡನ್ನೂ ಮಾಡದೆ ನನ್ನ ಮುಖವನ್ನೇ ನೋಡಿದ. ಆಗಲಾದರೂ ನಾನು ನಿಜವಾಗಿ ಕರೆಯಬೇಕಿತ್ತು. ಬಾಯಿ ತೆರೆದೆ. ನನ್ನ ಕರೆಗೆ ಅವನು ಬರುವುದಿಲ್ಲ ಎಂಬುದು ಅಷ್ಟು ಚೆನ್ನಾಗಿ ಅಭ್ಯಾಸವಾಗಿ ಹೋಗಿತ್ತು, ದನಿಯೇ ಹೊರಡಲಿಲ್ಲ.

ಅಲ್ಲಿ ನಿಂತಿದ್ದವರು ನೀವೇ ಆಗಿದ್ದರೆ, ಅಪ್ಪಾಜಿ, ಅವನು ನಿಲ್ಲುತ್ತಿದ್ದನೇ?